ಹಾಲುಗಲ್ಲದ ಮಗುವಿಗೂ ಬೇಕು ಮನೆಮಾತು

ಮುಂಬಯಿ ಮಹಾನಗರದಲ್ಲಿ ಬೆಳೆಯುವ ಕನ್ನಡಿಗರ ಮಗು ಮಾತು ಕಲಿಯುವ ಮೊದಲೇ ನಾಲ್ಕು ಭಾಷೆಗಳಿಗೆ ಕಿವಿಗೊಡುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಪಾಳಣಾಘರದಲ್ಲಿ ಮರಾಠಿ, ಕಟ್ಟಡದ ಅಂಗಳದಲ್ಲಿ ಹಿಂದಿ, ಟಿವಿಯಲ್ಲಿ ಇಂಗ್ಲಿಷ್. ಇದರಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾದೀತೆಂದು ಹೆದರುವ ಎಷ್ಟೋ ಹೆತ್ತವರು ಮೊದಲು ಕೈಬಿಡುವುದು ಮನೆಮಾತನ್ನೇ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೂ ಮೊಮ್ಮಗುವಿಗೂ ನಡುವೆ ದುಭಾಷಿ ಬೇಕಾಗುತ್ತದೆ!

ಈ ಹೆದರಿಕೆಗೆ ಆಧಾರವಿಲ್ಲ. ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲ ಎಂಬುದು ತಜ್ಞರ ಅಭಿಪ್ರಾಯ. ಮಗು ಬಲ್ಲ ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಬೇಕು.

ಮಾತು ಕಲಿಸುವುದು ಮನುಷ್ಯರೇ ಹೊರತು ಮೊಬೈಲ್ ಅಲ್ಲ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಶಿಶುಗಳ ಎದುರು ಕುಳಿತು ಚೀನೀ ಭಾಷಿಕರು ಆಡಿಸುತ್ತಾ ಮಾತಾಡಿದರು. 12 ಭೇಟಿಗಳ ಬಳಿಕ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಿದವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ವಿರಾರ್ ಲೋಕಲ್‌ನಲ್ಲಿ ಜೋತು ಬಿದ್ದು ರಾತ್ರಿ ಮನೆ ಸೇರುವ ತಂದೆಗೆ ಸಮಯವೆಲ್ಲಿ ಎನ್ನಬಹುದು. ಇದಕ್ಕೆ ಬೇರೆ ಸಮಯ ಬೇಕಿಲ್ಲ. ಸ್ನಾನ ಮಾಡಿಸುವಾಗ ಕೈ, ಕಾಲು, ಕಿವಿಯ ಹೆಸರು ಹೇಳಿ. ಉಣಿಸುವಾಗ ಅನ್ನ, ಸಾರು ತೋರಿಸಿ. ಮಗು "ಕಾಗೆ" ಎಂದರೆ "ಹೌದು ಮಗಾ, ಕಾಗೆ ಕಿಟಕಿಯಲ್ಲಿ ಕೂತಿದೆ" ಎಂದು ಮಾತು ಬೆಳೆಸಿ. ಮತ್ತೆ ಅದು ಉತ್ತರಿಸುವವರೆಗೆ ತುಸು ಕಾಯಿರಿ. ತಪ್ಪು ಉಚ್ಚರಿಸಿದರೆ ಗದರಬೇಡಿ, ಸರಿಯಾದುದನ್ನು ನೀವೇ ಹೇಳಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅದೇ ದೊಡ್ಡ ಪಾಠಶಾಲೆ.

ಆದರೆ ಒಂದು ಎಚ್ಚರಿಕೆ. ವರ್ಷ ತುಂಬಿದರೂ ತೊದಲದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದ ಬಾರದಿದ್ದರೆ, 2 ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಅಥವಾ ಬರುತ್ತಿದ್ದ ಮಾತು ನಿಂತುಹೋದರೆ "ನಾಲ್ಕು ಭಾಷೆಯಲ್ಲವೇ, ತಡವಾಗುತ್ತದೆ" ಎಂದು ಸುಮ್ಮನಿರುವುದು ಸಲ್ಲದು. ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು. ಬಾಂದ್ರಾದಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ.

ನಾಟಕ, ಯಕ್ಷಗಾನ, ಸನ್ಮಾನಗಳ ಜತೆಗೆ ನಮ್ಮ ಸಂಘ ಸಂಸ್ಥೆಗಳ ಮಹಿಳಾ ವಿಭಾಗಗಳು ರವಿವಾರ ಒಂದು ಗಂಟೆ ಪುಟಾಣಿಗಳಿಗೆ ಹಿರಿಯರಿಂದ ಕಥೆ ಹೇಳಿಸಿದರೆ ಹೇಗೆ? ಹಾಸಲು ಒಂದು ಚಾಪೆ ಸಾಕು.