ಹಾಯಿದೋಣಿಯಲ್ಲಿ ಮಲಗಿದ್ರೆ ಅಲೆ ಸದ್ದಿಗೆ ನಿದ್ದೆ ಬರುತ್ತಾ?

ನಿದ್ದೆ ಬರಲಿ ಅಂತ ಮೊಬೈಲ್‌ನಲ್ಲಿ ಸಮುದ್ರದ ಅಲೆ ಸದ್ದು ಹಾಕ್ಕೊಂಡು ಮಲಗ್ತೀರಾ? ನಾನೂ ಹಾಕ್ಕೊಳ್ತಿದ್ದೆ, ಕಾರವಾರದ ಹತ್ತಿರ ಲಂಗರು ಹಾಕಿದ್ದ ಹಾಯಿದೋಣಿಯಲ್ಲಿ ಒಂದು ರಾತ್ರಿ ಕಳೆಯೋವರೆಗೂ.

ನಾನು ರಾಮನಗರ ತಾಲ್ಲೂಕಿನ ಕೈಲಾಂಚದವನು. ನಮ್ಮ ಕಡೆ ದೊಡ್ಡ ನೀರು ಅಂದ್ರೆ ಕಣ್ವ, ಮಂಚನಬೆಲೆ ಜಲಾಶಯ, ಅಷ್ಟೇ. ಆದ್ರೆ ಸದ್ದಿನಲ್ಲಿ ಮಲಗೋದು ನನಗೆ ಹೊಸದಲ್ಲ. ಮನೆಯಲ್ಲಿ ರೇಷ್ಮೆಹುಳು ಸಾಕ್ತಿದ್ರು. ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ಸಾವಿರಾರು ಬಾಯಿ ಒಟ್ಟಿಗೆ, ಥೇಟ್ ಸೋನೆಮಳೆ. ಪಕ್ಕದಲ್ಲೇ ಚಾಪೆ ಹಾಸ್ಕೊಂಡು ಸೊಗಸಾಗಿ ಮಲಗ್ತಿದ್ದೆ. ಸೊಪ್ಪು ಮುಗಿದು ಸದ್ದು ನಿಂತ್ರೆ ಮಾತ್ರ ಅಜ್ಜಿಗೆ ತಟ್ಟನೆ ಎಚ್ಚರ.

ದೋಣಿಯ ಗುಟ್ಟೂ ಅದೇ. ಒಂದೇ ಸಮ ಬರೋ ಸದ್ದನ್ನ ಮಿದುಳು ಪಕ್ಕಕ್ಕಿಡುತ್ತೆ, ತಾಳ ತಪ್ಪಿದ್ದನ್ನ ಬಿಡಲ್ಲ. ಅದರಲ್ಲೂ ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗಲ್ಲ ಅಂತ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ರು. ಒಂದು ಕಡೆ ಕಾವಲಿಗೆ ಕೂತಿರುತ್ತೆ ಅನ್ನಿ.

ಇನ್ನು ದೋಣಿ ಅಂದ್ರೆ ಮದ್ದಳೆಯ ಒಳಗೆ ಮಲಗಿದ ಹಾಗೆ. ತೆಳು ಗೋಡೆ, ಒಳಗೆ ಟೊಳ್ಳು, ಹೊರಗೆ ನೀರು. ಸಂಜೆ ನಮಗೆ ತೊಂದರೆಯೇ ಇರಲಿಲ್ಲ. ಕಡಲ ಕಡೆಯಿಂದ ಗಾಳಿ ಬೀಸ್ತಿತ್ತು, ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತೆ, ಚೂಪಾದ ಮುಂಭಾಗ ಅಲೆಯನ್ನ ಸೀಳುತ್ತೆ. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ದಡದಿಂದ ಕಡಲಿಗೆ ತಿರುಗುತ್ತೆ. ದೋಣಿನೂ ತಿರುಗುತ್ತೆ. ಅಲೆ ಮಾತ್ರ ಹಳೇ ದಿಕ್ಕಿನಿಂದಲೇ ಬರುತ್ತೆ! ಚಪ್ಪಟೆಯಾದ ಹಿಂಭಾಗದ ಅಡಿಗೆ ನೀರು ಬಂದು ಫಟ್ ಅಂತ ಹೊಡೆಯುತ್ತೆ. ನನ್ನ ಹಾಸಿಗೆ ಇದ್ದದ್ದು ಸರಿಯಾಗಿ ಅಲ್ಲೇ.

ಮೇಲೆ ಹಾಯಿ ಏರಿಸೋ ಹಗ್ಗ ಕಂಬಕ್ಕೆ ಟಣ್ ಟಣ್ ಅಂತ ಬಡೀತಿತ್ತು. ಅದಕ್ಕೆ ಮದ್ದು ಸುಲಭ: ಹಗ್ಗವನ್ನ ಕಂಬದಿಂದ ದೂರ ಎಳೆದು ಕಟ್ಟೋದು. ಅಲೆ ಏಟಿಗೆ ಎರಡು ದಾರಿ. ಹಿಂಭಾಗದಿಂದ ಇನ್ನೊಂದು ಸಣ್ಣ ಲಂಗರು ಹಾಕಿ ದೋಣಿಯ ಮುಖ ಅಲೆ ಕಡೆಗೇ ಇರೋ ಹಾಗೆ ಹಿಡಿಯೋದು. ಇಲ್ಲಾಂದ್ರೆ ಹಾಸಿಗೆ ಎತ್ಕೊಂಡು ನಡುಭಾಗಕ್ಕೆ ಹೋಗೋದು, ಅಲ್ಲಿ ಸದ್ದೂ ಕಮ್ಮಿ, ಕುಲುಕಾಟವೂ ಕಮ್ಮಿ.

ನಾನು ಮಾಡಿದ್ದು ಮೂರನೇದು. ಕಿವಿಗೆ ಫೋಮ್ ಇಯರ್‌ಪ್ಲಗ್ ತುರುಕ್ಕೊಂಡು ಮಲಗಿದೆ. ಲಂಗರು ಜಾರಿದ್ರೆ ಜಿಪಿಎಸ್ ನೋಡಿ ಕೂಗೋ ಅಲಾರಂ ಇದ್ದದ್ದು ನನ್ನ ಮೊಬೈಲ್‌ನಲ್ಲೇ! ಗಾಳಿ ತಿರುಗಿದಾಗ ಲಂಗರಿಗೂ ಎಳೆತ ಉಲ್ಟಾ ಬರುತ್ತಲ್ಲ, ಅದು ಕಿತ್ತು ಜಾರ್ತಾ ಇತ್ತು. ಅಲಾರಂ ದಿಂಬಿನ ಪಕ್ಕದಲ್ಲೇ ಕೂಗ್ತಿತ್ತಂತೆ, ನನಗೆ ಕೇಳಿಸಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಗೆಳೆಯ ಎದ್ದದ್ದು ಅಲಾರಂಗಲ್ಲ, ತಳದಲ್ಲಿ ಉಜ್ಜೋ ಲಂಗರಿನ ಸರಪಳಿಯ ಗರಗರ ಸದ್ದಿಗೆ. "ಎದ್ದೇಳೋ ಮಾರಾಯ!" ಅಂತ ಭುಜ ಅಲ್ಲಾಡಿಸಿದಾಗ ನಮ್ಮ ಹಿಂದೆ ನಿಂತಿದ್ದ ಮೀನುಗಾರಿಕೆ ಬೋಟಿನ ದೀಪ ಕೈಗೆಟಕೋಷ್ಟು ಹತ್ತಿರ ಕಾಣ್ತಿತ್ತು. ಎಂಜಿನ್ ಹಾಕಿ ಮುಂದಕ್ಕೆ ಹೋಗಿ, ಮತ್ತೆ ಲಂಗರು ಬಿಟ್ಟು, ನನ್ನ ಕೈ ನಡುಕ ನಿಲ್ಲೋಕೆ ಅರ್ಧ ಗಂಟೆ ಬೇಕಾಯ್ತು.

ಹಾಗಂತ ಇಯರ್‌ಪ್ಲಗ್ ತಪ್ಪಲ್ಲ. ಇನ್ನೊಬ್ಬರು ಎಚ್ಚರ ಇದ್ದಾಗ ಹಾಕ್ಕೊಳ್ಳಿ, ಅಲಾರಂ ಅವರ ಕೈಗೆ ಕೊಡಿ. ನೌಕಾಪಡೆಯ ರೂಪಾ ಎ. ಮತ್ತು ದಿಲ್ನಾ ಕೆ. 2024ರ ಅಕ್ಟೋಬರ್ 2ರಂದು ಗೋವಾದಿಂದ ತಾರಿಣಿ ಹಾಯಿದೋಣಿಯಲ್ಲಿ ಹೊರಟು, ಪ್ರಪಂಚ ಸುತ್ತಿ, 2025ರ ಮೇ 29ಕ್ಕೆ ವಾಪಸ್ ಬಂದ್ರು. ಸುಮಾರು ಎಂಟು ತಿಂಗಳು, ಇಬ್ಬರೇ. ಒಬ್ಬರು ಮಲಗಿದ್ರೆ ಇನ್ನೊಬ್ಬರು ಕಾವಲು.

ಆ ರಾತ್ರಿ ಉಳಿದ ಹೊತ್ತು ನಾನು ನಡುಭಾಗದ ನೆಲದ ಮೇಲೆ, ಬರೀ ಕಿವಿಯಲ್ಲಿ ಮಲಗಿದೆ. ನಿದ್ದೆ ಬಂತು. ಊರಿಗೆ ಹೋದಾಗ ಹುಳು ಮನೆಯ ಸದ್ದು ರೆಕಾರ್ಡ್ ಮಾಡ್ಕೊಂಡು ಬಂದಿದ್ದೀನಿ, ಈಗ ಕೇಳಿಸ್ತೀನಿ. ಎರಡು ನಿಮಿಷ ಇದೆ.