ಪಾಟಿಯ ಕೋಚ್ಚಿ

ನಮ್ಮ ಸುಳ್ಯದಲ್ಲಿ ರೈಲಿಲ್ಲ. ಆದರೂ ನಾನು ರೈಲಿನ ಕತೆ ಕೇಳುತ್ತಲೇ ಬೆಳೆದವನು. ಹೇಳುತ್ತಿದ್ದವರು ನಮ್ಮ ಅಡಿಕೆ ತೋಟದ ಆಚೆಗಿದ್ದ ರಬ್ಬರ್ ಕಾಲೊನಿಯ ಪಾಟಿ, ನನ್ನ ಸಹಪಾಠಿಯ ಅಜ್ಜಿ. ಅವರ ಬಾಯಲ್ಲಿ ಅದು ರೈಲಲ್ಲ, ‘ಕೋಚ್ಚಿ’. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ತಲವಾಕೆಲೆಯ ಗುಡ್ಡದ ಮೇಲೆ ಟೀ ಎಲೆ ಕೀಳುವಾಗ ಕೆಳಗೆ ಕೋಚ್ಚಿ ಕೂಗಿದರೆ ಗಂಟೆ ಎಷ್ಟಾಯಿತೆಂದು ಗೊತ್ತಾಗುತ್ತಿತ್ತಂತೆ.

ಪಾಟಿಯ ಹಿರಿಯರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ತೋಟಗಳಿಗೆ ಕೂಲಿಗೆ ಹೋದವರು. ಅಲ್ಲಿನ 1948ರ ಪೌರತ್ವ ಕಾಯ್ದೆಯಿಂದಾಗಿ ಅಂಥ ಲಕ್ಷಾಂತರ ಜನ ಯಾವ ದೇಶದ ಪ್ರಜೆಗಳೂ ಅಲ್ಲದಂತಾದರು. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಮಾಡಿಕೊಂಡ ಒಪ್ಪಂದದ ಪ್ರಕಾರ 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳಬೇಕಿತ್ತು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಪಾಟಿ ಕೋಚ್ಚಿ ಹತ್ತಿ ತಲೈಮನ್ನಾರ್‌ಗೆ ಬಂದು, ಹಡಗಿನಲ್ಲಿ ರಾಮೇಶ್ವರಕ್ಕೆ ಇಳಿದು, ಕೊನೆಗೆ ನಮ್ಮೂರಿನ ಮಳೆಗೆ ಬಂದು ಸೇರಿದರು. ಆ ಹಳಿ ಇರುವ ಊರಿನ ಚಿತ್ರ ತೆಗೆದು ತಂದು ತೋರಿಸಬೇಕೆಂಬ ಆಸೆಯಿಂದ 2023ರ ಫೆಬ್ರವರಿಯಲ್ಲಿ ಕೊಲಂಬೊ ಕೋಟೆ ನಿಲ್ದಾಣದಲ್ಲಿ ಬದುಳ್ಳೆಗೆ ಹೋಗುವ ‘ಪೊಡಿ ಮೆಣಿಕೆ’ ಹತ್ತಿದೆ.

ಈ ಹಾದಿ ಹುಟ್ಟಿದ್ದು ಕಾಫಿಗಾಗಿ. 1867ರಲ್ಲಿ ಹಳಿ ಕ್ಯಾಂಡಿ ಮುಟ್ಟಿತು. ಎರಡೇ ವರ್ಷದಲ್ಲಿ ಕಾಫಿ ಗಿಡಗಳಿಗೆ ಎಲೆತುಕ್ಕು ರೋಗ ತಗುಲಿ, ಮುಂದೆ ತೋಟಕ್ಕೆ ತೋಟವೇ ಒಣಗಿತು. ಆ ಜಾಗಕ್ಕೆ ಟೀ ಬಂತು. ಟೀಯ ಹಿಂದೆಯೇ ಹಳಿಯೂ ಮೇಲೇರುತ್ತ 1885ಕ್ಕೆ ನಾನುಓಯ, 1924ಕ್ಕೆ ಬದುಳ್ಳೆ ತಲುಪಿತು. ಊಟಿ ರೈಲಿಗಾದರೆ ಮೀಟರ್ ಗೇಜು, ಕಡಿದಾದ ಕಡೆ ಹಲ್ಲಿನ ಹಳಿ. ಇಲ್ಲಿ ಅಂಥದ್ದೇನೂ ಇಲ್ಲ. ನಮ್ಮ ಬ್ರಾಡ್‌ಗೇಜಿನಷ್ಟೇ ಅಗಲದ ಬೋಗಿಗಳು ಸುತ್ತಿ ಸುತ್ತಿ ಪಟ್ಟಿಪೊಲದಲ್ಲಿ 1,898 ಮೀಟರ್ ಎತ್ತರಕ್ಕೆ ಏರುತ್ತವೆ. ತಿರುವು ಎಷ್ಟು ಬಿಗಿ ಎಂದರೆ ಹಿಂದಿನ ಬೋಗಿಯ ಕಿಟಕಿಯಲ್ಲಿ ಕೂತವನಿಗೆ ತನ್ನದೇ ರೈಲಿನ ಎಂಜಿನ್ ಪಕ್ಕದ ಗುಡ್ಡದಲ್ಲಿ ಹೋಗುವುದು ಕಾಣುತ್ತದೆ. ಹಾಗಾಗಿ ಚಿತ್ರ ತೆಗೆಯುವವರು ಹಿಂದಿನ ಬೋಗಿಯಲ್ಲೇ ಕೂರಬೇಕು, ಕಿಟಕಿಯ ಪಕ್ಕ. ಬಾಗಿಲಲ್ಲಿ ಜೋತುಬಿದ್ದು ತೆಗೆಸಿಕೊಳ್ಳುವ ಪಟಗಳು ಈಗ ಬಹಳ ಓಡಾಡುತ್ತವೆ. ಸುರಂಗದ ಗೋಡೆ ಮೊಳದಳತೆಯಲ್ಲಿ ಸರಿದುಹೋಗುವುದನ್ನು ಒಮ್ಮೆ ಕಂಡವರು ಆ ಸಾಹಸಕ್ಕೆ ಕೈಹಾಕಲಾರರು.

ಹಟ್ಟನ್ ದಾಟಿದರೆ ಮಂಜು. ಮಂಜಿನ ಬಿಳುಪಿಗೆ ಕ್ಯಾಮೆರಾ ಮೋಸ ಹೋಗುತ್ತದೆ. ಬೆಳಕು ಜಾಸ್ತಿ ಇದೆ ಎಂದುಕೊಂಡು ಚಿತ್ರವನ್ನು ಕಪ್ಪಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿಕೊಂಡರೆ ಮಂಜು ಮಂಜಾಗಿಯೇ ಬರುತ್ತದೆ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದಾಗ ಕ್ಯಾಮೆರಾವನ್ನು ಚೀಲದಿಂದ ತಕ್ಷಣ ಹೊರತೆಗೆಯಬಾರದು, ಲೆನ್ಸಿಗೆ ಹನಿ ಕೂರುತ್ತದೆ.

ಬೋಗಿಯೊಳಗೆ ವಡೆ ಮಾರುವವರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಬೇಳೆವಡೆಯ ಮೇಲೆ ಇಡಿಯ ಸೀಗಡಿ ಕೂರಿಸಿದ ‘ಇಸ್ಸೊ ವಡೆ’, ಜೊತೆಗೆ ಒಣಮೆಣಸು. ನನಗೆ ಕೊಟ್ಟ ಪೊಟ್ಟಣ ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆ. ನೀಲಿ ಶಾಯಿಯ ಭಾಗಾಕಾರ, ಪಕ್ಕದಲ್ಲಿ ಮೇಷ್ಟರ ಕೆಂಪು ಗುರುತು, ಅದರ ಮೇಲೆ ಎಣ್ಣೆ ನಿಧಾನವಾಗಿ ಹರಡುತ್ತಿತ್ತು. ಹೊರಗಿನ ಗುಡ್ಡಗಳನ್ನು ಬಿಟ್ಟು ಆ ಹಾಳೆಯನ್ನೇ ಆರು ಸಲ ತೆಗೆದೆ.

ಈ ಹಾದಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಟ್ಯಾಬ್ಲೆಟ್. ಒಂಟಿ ಹಳಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ಕಾಯುವ ಲೋಹದ ಬಿಲ್ಲೆ ಅದು. ಅಕ್ಕಪಕ್ಕದ ಎರಡು ನಿಲ್ದಾಣಗಳ ಪೆಟ್ಟಿಗೆಗಳನ್ನು ವಿದ್ಯುತ್ ತಂತಿಯಿಂದ ಜೋಡಿಸಿರುತ್ತಾರೆ. ಒಂದರಿಂದ ಬಿಲ್ಲೆ ಹೊರಬಂದರೆ, ಅದು ಮತ್ತೆ ಯಾವುದಾದರೊಂದು ಪೆಟ್ಟಿಗೆ ಸೇರುವ ತನಕ ಇನ್ನೊಂದು ಬಿಲ್ಲೆ ಹೊರಬರುವುದಿಲ್ಲ. ಬಿಲ್ಲೆ ಕೈಯಲ್ಲಿಲ್ಲದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ಅದನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿರುತ್ತಾರೆ. ಇದಲ್ಗಸಿನ್ನ ನಿಲ್ದಾಣದಲ್ಲಿ ಬಿಳಿ ಸಮವಸ್ತ್ರದ ಒಬ್ಬರು ಆ ಬಳೆ ಎತ್ತಿ ಹಿಡಿದು ನಿಂತಿದ್ದರು. ಎಂಜಿನ್ನಿನಿಂದ ಒಂದು ತೋಳು ಹೊರಬಂದು ಅದನ್ನು ಸಿಕ್ಕಿಸಿಕೊಂಡಿತು. ಹಿಂದಿನ ಚಿತ್ರ ನೋಡುತ್ತ ಕೂತಿದ್ದ ನನಗೆ ಅದು ತಪ್ಪಿಹೋಯಿತು. ಮರುದಿನ ಅದೇ ಪ್ಲಾಟ್‌ಫಾರ್ಮಿಗೆ ಬಂದು ಎರಡು ಗಂಟೆ ಕಾದೆ. ಆ ಕೈಗೂ ಈ ಕೈಗೂ ನಡುವೆ ಬಳೆ ಇರುವ ಒಂದು ಚಿತ್ರ ಸಿಕ್ಕಿತು.

ದೆಮೊದರದ ಒಂಬತ್ತು ಕಮಾನಿನ ಸೇತುವೆ ಚೆಂದವೇ. ಉಕ್ಕಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ 1921ರಲ್ಲಿ ಕಟ್ಟಿದ್ದು. ಅಲ್ಲಿ ನೂರಾರು ಜನ ಕ್ಯಾಮೆರಾ ಹಿಡಿದು ರೈಲಿಗೆ ಕಾಯುತ್ತಿದ್ದರು. ನಾನೂ ಒಂದು ತೆಗೆದುಕೊಂಡು ತಲವಾಕೆಲೆಗೆ ಹಿಂದಿರುಗಿದೆ.

ಅಲ್ಲಿ ಹಳಿಯ ಪಕ್ಕದಲ್ಲೇ ಟೀ ತೋಟ, ತೋಟದ ನಡುವೆ ಸಾಲುಮನೆಗಳ ‘ಲಯಂ’. ಎಲೆ ಕೀಳುವ ಹೆಂಗಸರನ್ನು ದೂರದಿಂದ ಉದ್ದ ಲೆನ್ಸಿನಲ್ಲಿ ಹಿಡಿದುಕೊಂಡು ಹೋಗುವ ಪ್ರವಾಸಿಗಳು ಅಲ್ಲೂ ಇದ್ದರು. ಅದು ನನಗೆ ಕಳ್ಳತನದಂತೆ ಕಾಣುತ್ತದೆ. ಕಾಲೊನಿಯಲ್ಲಿ ಕಲಿತ ತಮಿಳು ನನ್ನಲ್ಲಿತ್ತು. “ಅಕ್ಕಾ, ಒಂದು ಪಟ ತೆಗೆಯಲಾ?” ಎಂದು ಕೇಳಿದೆ. ಮೊದಲು ನಕ್ಕರು. ಸುಳ್ಯದ ಸುದ್ದಿ ಹೇಳಿದ ಮೇಲೆ, ತಮ್ಮ ದೊಡ್ಡಪ್ಪನ ಮನೆಯವರೂ ಹಾಗೆಯೇ ಇಂಡಿಯಾಕ್ಕೆ ಹೋದವರು, ಆಮೇಲೆ ಕಾಗದವಿಲ್ಲ ಎಂದರು ಒಬ್ಬರು. ಆ ತೋಟದಲ್ಲಿ ದಿನಕ್ಕೆ 18 ಕಿಲೊ ಎಲೆ ಆಗಬೇಕಂತೆ, ಇಲ್ಲದಿದ್ದರೆ ಪೂರ್ತಿ ಕೂಲಿಯಿಲ್ಲ. ಹಾಗಾಗಿ ಅವರನ್ನು ನಿಲ್ಲಿಸಲಿಲ್ಲ. ಅವರು ಕೀಳುತ್ತ ಹೋದರು, ನಾನು ಸಾಲಿನ ಪಕ್ಕದಲ್ಲಿ ನಡೆಯುತ್ತ ಬರೀ ಕೈಗಳನ್ನು ತೆಗೆದೆ. ಎಲೆಯ ರಸಕ್ಕೆ ಕಪ್ಪಾಗಿ ಸೀಳಿದ್ದ ಬೆರಳುಗಳು, ಎರಡೆಲೆ ಒಂದು ಕುಡಿ ಚಿವುಟಿ ಹೆಗಲ ಮೇಲಿಂದ ಬೆನ್ನಿನ ಚೀಲಕ್ಕೆ ಎಸೆಯುವ ಬೀಸು.

ಊರಿಗೆ ಬಂದವನು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಾಟಿಯ ಮಡಿಲಲ್ಲಿಟ್ಟೆ. ಸೇತುವೆಯನ್ನು ಪಕ್ಕಕ್ಕೆ ಸರಿಸಿದರು. ತಲವಾಕೆಲೆಯ ಪ್ಲಾಟ್‌ಫಾರ್ಮನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ನಾನು ತುಂಬಾ ಮೆಚ್ಚಿಕೊಂಡಿದ್ದ ಕೈಗಳ ಚಿತ್ರ ಬಂತು. ಅದರ ಮೇಲೆ ಬೆರಳಿಟ್ಟರು.

“ಈ ಹುಡುಗಿಯ ಎಡಗೈ ನೋಡು. ಸುಮ್ಮನೆ ಕೊಂಬೆ ಹಿಡ್ಕೊಂಡಿದೆ. ಎರಡೂ ಕೈ ಕೀಳಬೇಕು, ಇಲ್ಲದಿದ್ದರೆ ಸಂಜೆಗೆ ತೂಕ ಎಲ್ಲಿಂದ ಬರ್ತದೆ? ಅವಳಿಗೆ ಯಾರೂ ಹೇಳಿಕೊಡಲಿಲ್ವಾ ಮಗಾ?”