ಅವ್ವನ ಫೋಟೊ ಮಬ್ಬಾಗದಿರಲಿ

ಮಕ್ಕಳ ಸ್ಕೂಲ್ ಪ್ರಾಜೆಕ್ಟ್‌ಗೆಂದು ತಂದ ಪ್ರಿಂಟರ್ ನಿಮ್ಮ ಮನೆಯಲ್ಲೂ ಇದೆಯಲ್ವಾ? ಅದರ ಮುಚ್ಚಳ ಎತ್ತಿದರೆ ಗಾಜು ಕಾಣುತ್ತಲ್ಲ, ಅದೇ ಸ್ಕ್ಯಾನರ್. ಆಧಾರ್ ಕಾರ್ಡ್, ಮಾರ್ಕ್ಸ್ ಕಾರ್ಡ್ ಬಿಟ್ಟರೆ ನಾವು ಅದರ ಮೇಲೆ ಬೇರೇನೂ ಇಡೋದೇ ಇಲ್ಲ. ಟ್ರಂಕಿನಲ್ಲಿ ಹಳದಿಯಾಗುತ್ತಿರುವ ಫೋಟೊಗಳನ್ನು ಉಳಿಸಿಕೊಳ್ಳಲು ಅಷ್ಟೇ ಸಾಕು.

ನಮ್ಮತ್ತೆಯ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅವರ ತಾಯಿಯದು ಅಂತ ಉಳಿದಿರೋದು ಒಂದೇ ಫೋಟೊ, ಅಂಗೈಯಗಲದ ಕಪ್ಪು-ಬಿಳುಪಿನದು. ತಮ್ಮನ ಮನೆಯಿಂದ ಎರಡೇ ದಿನಕ್ಕೆ ಅಂತ ಕೇಳಿ ತಂದಿದ್ದರು. ನಾನು ಅವಸರದಲ್ಲಿ ಸ್ಕ್ಯಾನ್ ಮಾಡಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮುಖವೆಲ್ಲ ಮಂಜು ಮಂಜು. "ಇದು ನಮ್ಮವ್ವನ ಮುಖವೇ ಅಲ್ಲ ಕಣಮ್ಮ" ಅಂದುಬಿಟ್ಟರು.

ತಪ್ಪು ಯಂತ್ರದ್ದಲ್ಲ, ನನ್ನದು. ಕಡಿಮೆ ಬೆಲೆಯ ತೆಳ್ಳನೆಯ ಸ್ಕ್ಯಾನರ್‌ಗಳಲ್ಲಿ ಹೆಚ್ಚಾಗಿ ಸಿಐಎಸ್ ಎಂಬ ಸೆನ್ಸರ್ ಇರುತ್ತೆ. ಗಾಜಿಗೆ ಒತ್ತಿಕೊಂಡಿರುವುದು ಮಾತ್ರ ಅದಕ್ಕೆ ಸ್ಪಷ್ಟ. ಫೋಟೊ ಸುರುಳಿಯಾಗಿ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಬ್ಬು. ಹಾಗಾಗಿ ಎರಡು ಬಿಳಿ ಹಾಳೆಗಳ ನಡುವೆ ಫೋಟೊ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಕೆಲವು ದಿನ ಬಿಡಿ. ಬಿರುಕು ಬಿಟ್ಟಿದ್ದರೆ ಮಾತ್ರ ಒತ್ತಬೇಡಿ. ಇಸ್ತ್ರಿಪೆಟ್ಟಿಗೆಯನ್ನಂತೂ ಹತ್ತಿರ ತರಲೇಬೇಡಿ! ಫ್ರೇಮಿನ ಗಾಜಿಗೆ ಅಂಟಿದ್ದರೆ ಕೀಳಲೂ ಹೋಗಬೇಡಿ.

ಇನ್ನು ಧೂಳು. ಸ್ಕ್ಯಾನರ್ ಗಾಜನ್ನು ಹಳೇ ಮೆತ್ತನೆಯ ಕಾಟನ್ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ, ಒಣಗಲು ಬಿಡಿ. ನೀರನ್ನು ನೇರವಾಗಿ ಗಾಜಿನ ಮೇಲೆ ಚಿಮುಕಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತೆ. ಫೋಟೊ ಮೇಲಿನ ಧೂಳಿಗೆ ಮೃದುವಾದ ಒಣ ಬ್ರಷ್ ಸಾಕು.

ಸೆಟ್ಟಿಂಗ್ ನೋಡಿ ಹೆದರಬೇಡಿ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನೋ ಲೆಕ್ಕ. ಇದ್ದಷ್ಟೇ ಅಳತೆಯಲ್ಲಿ ಪ್ರಿಂಟ್ ಬೇಕಾದರೆ 300 ಸಾಕು. ಸಣ್ಣ ಫೋಟೊವನ್ನು ಎರಡರಷ್ಟು ದೊಡ್ಡದು ಮಾಡಿಸಬೇಕಾದರೆ 600 ಇಡಿ. ಡಬ್ಬದ ಮೇಲಿನ 19200ರಂಥ ಅಂಕಿಗೆ ಮರುಳಾಗಬೇಡಿ, ಅದು ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕಿಗಳ ಲೆಕ್ಕ. ಕಪ್ಪು-ಬಿಳುಪು ಫೋಟೊ ಆದರೂ 'ಕಲರ್' ಆಯ್ಕೆಯಲ್ಲೇ ಸ್ಕ್ಯಾನ್ ಮಾಡಿ, ಹಳೇ ಕಂದು ಛಾಯೆ ಹಾಗೇ ಉಳಿಯುತ್ತೆ. ಬಣ್ಣ ತಾನಾಗಿ ಸರಿಪಡಿಸುವ ಆಯ್ಕೆಯನ್ನು ಆಫ್ ಮಾಡಿ.

ಮಾರಿಕಣಿವೆಗೆ ಹೋದಾಗ ತೆಗೆಸಿದ ಬಣ್ಣದ ಫೋಟೊವೊಂದೂ ಅದೇ ಆಲ್ಬಮ್ಮಿನಲ್ಲಿತ್ತು. 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಆಗಿನಿಂದ ಎಲ್ಲರಿಗೂ ಅದು ಬೇಕು! ಆದರೆ ಕಾಗದ ರೇಷ್ಮೆ ನೇಯ್ಗೆಯಂತೆ ತರಿತರಿ. ಇಂಥದ್ದರಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ಮಿನುಗುತ್ತೆ. ಒಮ್ಮೆ ನೇರ, ಒಮ್ಮೆ ಅಡ್ಡ ಇಟ್ಟು ಸ್ಕ್ಯಾನ್ ಮಾಡಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ.

ಮೂಲ ಪ್ರತಿಯನ್ನು ಟಿಫ್ ಫೈಲಾಗಿ ಉಳಿಸಿ. ನಾಲ್ಕು-ಆರು ಇಂಚಿನ ಫೋಟೊ 600 ಡಿಪಿಐನಲ್ಲಿ ಸುಮಾರು 25 ಎಂಬಿ ಆಗುತ್ತೆ, ಆಗಲಿ ಬಿಡಿ. ಹಂಚೋಕೆ ಜೆಪೆಗ್ ಪ್ರತಿ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಅಂತಲೇ ಕಳಿಸಿ, ಇಲ್ಲದಿದ್ದರೆ ಪಟ್ಟ ಶ್ರಮವೆಲ್ಲ ಅಲ್ಲೇ ಕುಗ್ಗಿಹೋಗುತ್ತೆ. ಫೋಟೊದ ಬೆನ್ನಿನಲ್ಲಿ ಹೆಸರು, ತಾರೀಕು ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ.

ಅತ್ತೆಯ ತಮ್ಮನನ್ನು ಒಪ್ಪಿಸಿ ಇನ್ನೊಂದು ವಾರ ಫೋಟೊ ಇಟ್ಟುಕೊಂಡೆವು. ಎರಡನೇ ಸಲದ ಪ್ರಿಂಟನ್ನು ಅತ್ತೆ ಕಿಟಕಿ ಹತ್ತಿರ ಒಯ್ದು ತುಂಬಾ ಹೊತ್ತು ನೋಡಿದರು. "ಮೂಗುಬಟ್ಟು ಕಾಣ್ತದೆ ನೋಡು" ಅಂದರು.